ಹತ್ತು ಬೆರಳಿನ ಕಾವಲುಗಾರ

"ಇವತ್ತಿಂದ ಈ ಮನ್ಯಾಗ ಚಂದಮ್ಮನ ಬೆರಳು ನೀರು ಮುಟ್ಟಂಗಿಲ್ಲ, ಬೆಂಕಿ ಮುಟ್ಟಂಗಿಲ್ಲ, ಕಸಬರಗಿ ಮುಟ್ಟಂಗಿಲ್ಲ! ಆ ಹತ್ತೂ ಬೆರಳಿನ ಜವಾಬ್ದಾರಿ ನಂದು!"

ಶಹಾಪುರದ ಗೊಬ್ಬರದ ವ್ಯಾಪಾರಿ ಸಂಗಣ್ಣ ಪಡಸಾಲೆಯ ನಡುವೆ ನಿಂತು, ಎಡಗೈ ಸೊಂಟದ ಮೇಲಿಟ್ಟು, ಬಲಗೈ ಆಕಾಶಕ್ಕೆತ್ತಿ ಹೀಗೆ ಘೋಷಿಸಿದಾಗ ಎದುರಿಗೆ ನೆರೆದಿದ್ದ ಜನಸಾಗರ ಎಂದರೆ ಅವನ ಹೆಂಡತಿ ಚಂದಮ್ಮ ಒಬ್ಬಳೇ. ಅವಳೂ ಆ ಹೊತ್ತಿಗೆ ತೊಗರಿಬೇಳೆ ಆರಿಸುತ್ತಿದ್ದಳು.

"ಹಂಗಾದ್ರ ಈ ಬ್ಯಾಳಿ ಆರಸೋರು ಯಾರು?"

"ನಾನು!"

"ರೊಟ್ಟಿ ಬಡಿಯೋರು?"

"ನಾನು!"

"ಭಾಂಡಿ?"

"ನಾನೇ ಅಂತ ಹೇಳಿದ್ನಲ್ಲ! ಎಷ್ಟು ಸಲ ಕೇಳ್ತಿ?"

ಚಂದಮ್ಮ ಮೊರವನ್ನು ಗಂಡನ ಕಡೆಗೆ ಸರಿಸಿಬಿಟ್ಟಳು. ಮದುವೆಯಾದಾಗಿನಿಂದ ಚಹಾ ಕುಡಿದ ಕಪ್ಪನ್ನು ಕೂತಲ್ಲೇ ಬಿಟ್ಟು ಏಳುವ ಮಹಾನುಭಾವ ತಾನಾಗಿಯೇ ಮಾತು ಕೊಡುತ್ತಿದ್ದಾನೆ. ಮನಸ್ಸು ಬದಲಾಗುವುದರೊಳಗೆ ಮಾಲು ಒಪ್ಪಿಸಿಬಿಡಬೇಕು ಎನ್ನುವಷ್ಟು ವ್ಯವಹಾರಜ್ಞಾನ ವ್ಯಾಪಾರಿಯ ಹೆಂಡತಿಗೆ ಇಲ್ಲದಿರುತ್ತದೆಯೇ!

ಇಷ್ಟಕ್ಕೂ ಸಂಗಣ್ಣನಿಗೆ ಈ ಆವೇಶ ಬರಲು ಕಾರಣ ಇಂಗ್ಲೆಂಡ್ ದೇಶ. ಇವರ ಒಬ್ಬಳೇ ಮಗಳು ಸೌಭಾಗ್ಯ ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅಳಿಯ ಬಸವಕುಮಾರ ಅದೇ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಈಗ ಸೌಭಾಗ್ಯ ತುಂಬಿದ ಬಸುರಿ, ಅದೂ ಚೊಚ್ಚಲು. ಬೀಗಿತಿಗೆ ಮೊಣಕಾಲು ನೋವು, ಮನೆಯ ಹೊಸ್ತಿಲು ದಾಟುವುದೇ ಕಷ್ಟ. ಹೀಗಾಗಿ ಮಗಳು ಫೋನಿನಲ್ಲಿ ದಿನಾ ಒಂದೇ ರಾಗ: "ಅವ್ವಾ, ಬಾಣಂತನಕ್ಕ ನೀನೇ ಬರಬೇಕು. ಇಲ್ಲಿ ಕೂಸಿಗೆ ಎರಿಯೋದಂದ್ರ ಒದ್ದಿ ಅರಿವಿಲೆ ಒರಸ್ತಾರ, ಅಷ್ಟೇ. ನಂಗ ಹೆದರಿಕಿ ಆಗಾಕತ್ತದ." ಸಾವಿರ ಜನರ ಕೈಗೆ ಸೂಜಿ ಚುಚ್ಚಿದ ಹುಡುಗಿ ತನ್ನ ಸರದಿ ಬಂದಾಗ ಅವ್ವನ ಸೆರಗು ಹುಡುಕುತ್ತಿದ್ದಳು. ಅದನ್ನು ಕೇಳಿ ಚಂದಮ್ಮನಿಗೆ ಊಟ ಸೇರುತ್ತಿರಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಆನ್‌ಲೈನ್ ಅಂಗಡಿ ಇಟ್ಟಿರುವ ತೌಫೀಕ್, ಈ ಗಂಡಹೆಂಡತಿ ಇಬ್ಬರ ಪರವಾಗಿ ವೀಸಾಕ್ಕೆ ಅರ್ಜಿ ಹಾಕಿದ. ಹೈದರಾಬಾದಿಗೆ ಹೋಗಿ ಮುಖದ ಫೋಟೋ, ಕೈಯ ಹತ್ತೂ ಬೆರಳಿನ ಅಚ್ಚು ಕೊಟ್ಟುಬರಬೇಕು, ಅದಾದರೆ ಅರ್ಧ ಕೆಲಸ ಮುಗಿದಂತೆ ಎಂದ. ಅಲ್ಲಿಯವರೆಗೆ ಎಲ್ಲ ಸುರಳೀತ. ಹೊರಡುವಾಗ, ಹೇಗೂ ಬಂದಿದ್ದೇವಲ್ಲ ಎಂದು ರೇಷನ್ ಕಾರ್ಡಿನ ಲೆಕ್ಕಕ್ಕೆ ಇಬ್ಬರೂ ಕೊಡಬೇಕಾಗಿದ್ದ ಹೆಬ್ಬೆಟ್ಟನ್ನೂ ಅಲ್ಲೇ ಒತ್ತಲು ಹೋದರು ನೋಡಿ, ಅಲ್ಲಿ ಕೆಟ್ಟಿತು.

ಸಂಗಣ್ಣ ಹೆಬ್ಬೆಟ್ಟಿಟ್ಟ. ತೌಫೀಕನ ಪುಟ್ಟ ಯಂತ್ರ ಒಂದೇ ಏಟಿಗೆ 'ಟೂಂಯ್' ಎಂದು ಹಸಿರು ದೀಪ ಬೆಳಗಿತು. ಸಂಗಣ್ಣ ಕುಸ್ತಿ ಗೆದ್ದವನಂತೆ ಸುತ್ತಲೂ ನೋಡಿದ. ಚಂದಮ್ಮ ಇಟ್ಟಳು. ಕೆಂಪು. ಮತ್ತೆ ಇಟ್ಟಳು. ಮತ್ತೆ ಕೆಂಪು. ಎಡಗೈ ಇಟ್ಟರೂ ಕೆಂಪು.

"ಕಾಕಿ, ನಿಮ್ಮ ಬೆರಳು ಸವದಾವ್ರಿ," ಎಂದ ತೌಫೀಕ್, ಡಾಕ್ಟರರ ಗಾಂಭೀರ್ಯದಲ್ಲಿ. "ರೊಟ್ಟಿ ಬಡಿಯೋರದು, ಭಾಂಡಿ ತಿಕ್ಕೋರದು ಹಿಂಗೇ ಆಗ್ತದ. ಇಲ್ಲಿ ಆದ್ರ ನಡೀತದ, ಹೈದರಾಬಾದದಾಗ ನಡ್ಯಂಗಿಲ್ಲ. ಹತ್ತೂ ಬೆರಳು ಖಡಕ್ ಬರಬೇಕು. ಬರಲಿಲ್ಲಂದ್ರ ಗಡಬಡ ಆಗ್ತದ ನೋಡ್ರಿ. ಜರಾ ಬೆರಳಿಗೆ ಆರಾಮ ಕೊಡ್ರಿ."

ಚಂದಮ್ಮನ ಮುಖ ಸಣ್ಣದಾಯಿತು. ಮನೆಗೆ ಬರುವ ದಾರಿಯುದ್ದಕ್ಕೂ ಅವಳು ತನ್ನ ಹೆಬ್ಬೆಟ್ಟನ್ನೇ ನೋಡಿಕೊಳ್ಳುತ್ತ ಬಂದಳು. ಮಗಳು ಅಲ್ಲಿ ಹೆರಿಗೆಗೆ ಕೂತಿದ್ದಾಳೆ, ಇಲ್ಲಿ ತನ್ನ ಕೈಯೇ ತನ್ನ ಕಾಲಿಗೆ ತೊಡರಾಯಿತಲ್ಲ ಎಂದು ಅವಳಿಗೆ ಅಳುವೇ ಬಂತು. ಅದನ್ನು ನೋಡಿ ಸಂಗಣ್ಣನಿಗೆ ತಡೆಯಲಾಗಲಿಲ್ಲ. ಮನೆಗೆ ಬಂದು ಅವಳು ಪಡಸಾಲೆಯಲ್ಲಿ ಬೇಳೆ ಆರಿಸಲು ಕೂತದ್ದೇ ತಡ, ಆ ಭೀಷ್ಮ ಪ್ರತಿಜ್ಞೆ ಹೊರಬಿತ್ತು.

ಮರುದಿನ ಬೆಳಗ್ಗೆ ಅಡುಗೆಮನೆಯ ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಬಂತು. ಅದರ ಮೇಲೆ ಚಂದಮ್ಮನನ್ನು ಪ್ರತಿಷ್ಠಾಪಿಸಿ, ಅವಳ ಹತ್ತೂ ಬೆರಳಿಗೆ ಸಂಗಣ್ಣ ಸ್ವಹಸ್ತದಿಂದ ತುಪ್ಪ ಸವರಿದ. ಗುಡಿಯ ದೇವಿಗೂ ಅಷ್ಟು ಶ್ರದ್ಧೆಯಿಂದ ಅಲಂಕಾರ ಆಗಿರಲಿಕ್ಕಿಲ್ಲ. ಆಮೇಲೆ ತೋಳು ಮಡಚಿ ಹಿಟ್ಟಿನ ಡಬ್ಬಿಗೆ ಕೈ ಹಾಕಿದ.

"ಎಸರು ಹಾಕ್ರಿ. ಅಷ್ಟಲ್ಲ! ಹಿಟ್ಟೇನು ಈಜ್ಯಾಡಬೇಕೇನು? ಹಾಂ, ಈಗ ನಾದ್ರಿ. ಜೋರಾಗಿ ನಾದ್ರಿ! ಎರಡು ಬೆರಳಿಲೆ ಹಿಡದು ಗೊಬ್ಬರದ ಸ್ಯಾಂಪಲ್ ನೋಡಾಕತ್ತೀರೇನು?"

"ಬಿಸಿ ಅದಲ್ಲೇ!"

"ಬಿಸಿ ಇದ್ದಾಗೇ ನಾದಬೇಕು. ಆರಿದ ಮ್ಯಾಲ ನಾದಿದ್ರ ಅದು ರೊಟ್ಟಿ ಆಗಂಗಿಲ್ಲ, ಹಂಚಿನ ತುಣುಕು ಆಗ್ತದ."

ಸಂಗಣ್ಣ ನಾದಿದ, ಬಡಿದ. ಜೋಳದ ರೊಟ್ಟಿಗೆ ಲಟ್ಟಣಿಗೆ ಇಲ್ಲ, ಅಂಗೈ ಒಂದೇ ಆಧಾರ. ಅಂಗೈ ಒತ್ತಿದ ಕಡೆ ಹಿಟ್ಟು ಹೋಗದೆ, ಹಿಟ್ಟು ಹೋದ ಕಡೆ ಅಂಗೈ ಹೋಗುತ್ತಿತ್ತು. ಕೊನೆಗೆ ಸಿದ್ಧವಾದದ್ದನ್ನು ಚಂದಮ್ಮ ಕುರ್ಚಿಯಿಂದಲೇ ಕತ್ತು ಚಾಚಿ ನೋಡಿದಳು.

"ಯಾದಗಿರಿ ಜಿಲ್ಲಾದ ನಕಾಶಿ ಬಡದೀರಲ್ರಿ! ಈ ಕಡಿ ನಮ್ಮ ತವರುಮನಿ ಸುರಪುರ, ಇಲ್ಲಿ ನಾವು. ಗುರಮಿಟಕಲ್ ಎಲ್ಲಿ ಹೋತು? ಹರದು ಹೋಗ್ಯಾದ ನೋಡ್ರಿ."

"ನೀ ಬಾಯಿ ಮುಚ್ಚು! ಹೊಟ್ಟಿಯಾಗ ಹೋದ್ರ ಎಲ್ಲಾ ಒಂದೇ!"

ನಕಾಶೆಯನ್ನು ಹಂಚಿಗೆ ಹಾಕುವಾಗ ಅದು ಅರ್ಧಕ್ಕೆ ಮಡಚಿಕೊಂಡಿತು. ಮಡಚಿದ್ದನ್ನು ಬಿಡಿಸಲು ಸಂಗಣ್ಣ ಮೂರು ಬೆರಳನ್ನು ಕಾದ ಹಂಚಿನ ಮೇಲೆ ಇಟ್ಟ. ಆಗ ಹೊರಟ ಆರ್ತನಾದಕ್ಕೆ ಎದುರು ಮನೆಯ ಎಮ್ಮೆ ಹಗ್ಗ ಹರಿದುಕೊಂಡು ನಿಂತಿತಂತೆ! ಚಂದಮ್ಮ ಗಾಬರಿಯಾಗಿ ಕುರ್ಚಿಯಿಂದ ಹಾರಿ ಬಂದು ತಣ್ಣೀರಿನ ಚೊಂಬಿಗೆ ಕೈ ಹಾಕಹೋದಳು.

"ಹಿಂದಕ್ಕ ಸರಿ! ಕೈ ಮ್ಯಾಲ! ನೀರು ಮುಟ್ಟಬ್ಯಾಡ!" ಎಂದು ಸಂಗಣ್ಣ ಬೆರಳಿಗೆ ಬಾಯಿಂದ ಊದಿಕೊಳ್ಳುತ್ತಲೇ ಗರ್ಜಿಸಿದ. ಯೋಧ ಬಿದ್ದರೂ ಕೋಟೆ ಬಿಡಲಿಲ್ಲ!

ಮುಂದಿನದು ಭಾಂಡೆ ಪರ್ವ. ಅಂಗಳದ ನಲ್ಲಿಯ ಮುಂದೆ ಸಂಗಣ್ಣ ಧೋತ್ರ ಎತ್ತಿಕಟ್ಟಿ ಕುಕ್ಕರುಗಾಲಲ್ಲಿ ಕೂತು, ಸುಟ್ಟ ಬೆರಳನ್ನು ಮೇಲೆತ್ತಿ ಉಳಿದವುಗಳಿಂದ ಬೂದಿ ಹಾಕಿ ತಿಕ್ಕುತ್ತಿದ್ದಾಗ ಎದುರು ಮನೆಯ ಗೊಲ್ಲಾಳಮ್ಮ ಕೊಡ ಹಿಡಿದು ಬಂದಳು. ಬಂದವಳು ಕೊಡ ಇಳಿಸುವುದನ್ನೇ ಮರೆತಳು.

"ಅಯ್ಯ! ಸಾವಕಾರ್ರು ಭಾಂಡಿ ತಿಕ್ಕಾಕತ್ತಾರಲ್ರಿ! ಚಂದಮ್ಮಕ್ಕಗ ಆರಾಮಿಲ್ಲೇನ್ರಿ?"

"ಆರಾಮ ಅದಾಳ. ವೀಸಾ ಅದ."

"ವೀಸಾ ಅಂದ್ರ ಯಾವ ಬ್ಯಾನಿ ರೀ ಅದು? ಭಾಳ ದಿನ ಇರ್ತದೇನ್ರಿ?"

ಸಂಗಣ್ಣ ಬೆರಳು, ಯಂತ್ರ, ಇಂಗ್ಲೆಂಡ್ ಎಲ್ಲವನ್ನೂ ಕೂಡಿಸಿ ತಿಳಿಸಿ ಹೇಳಿದ. ಗೊಲ್ಲಾಳಮ್ಮ ಎಲ್ಲ ಕೇಳಿ ಅದರಲ್ಲಿ ತನಗೆ ಬೇಕಾದ್ದನ್ನಷ್ಟೇ ಎತ್ತಿಕೊಂಡು ಹೋದಳು. ಸಂಜೆಯ ಹೊತ್ತಿಗೆ ಓಣಿಯ ಹೆಂಗಸರೆಲ್ಲ ನೀರಿನ ನೆಪದಲ್ಲಿ ಬಂದು ನೋಡಿಹೋದರು. ಹೋಗುವಾಗ ಒಬ್ಬೊಬ್ಬಳದೂ ಒಂದೇ ಅಹವಾಲು: "ಸಾವಕಾರ್ರ, ನಮ್ಮನ್ಯಾವ್ರಿಗೂ ಒಂದು ವೀಸಾ ಮಾಡಸ್ರಿ, ಪುಣ್ಯ ಬರ್ತದ!" ಆ ವಾರವೆಲ್ಲ ಓಣಿಯ ಗಂಡಸರು ಸಂಗಣ್ಣನನ್ನು ಕಂಡರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು.

ಹಸಿಮೆಣಸಿನಕಾಯಿಯ ಖಾರ ಕುಟ್ಟಿದ್ದು, ಆ ಕೈಯಲ್ಲೇ ಕಣ್ಣು ಒರೆಸಿಕೊಂಡದ್ದು, ಕಣ್ಣು ಕಾಣದೆ ಈಳಿಗೆಯ ಮೇಲೆ ಬದನೆಕಾಯಿಯ ಬದಲು ತೋರುಬೆರಳನ್ನು ಹೆಚ್ಚಿದ್ದು ಒಂದೇ ದಿನದ ಘನಕಾರ್ಯಗಳು. ಗಾಯಕ್ಕೆ ಅರಿಷಿಣ ಮೆತ್ತಿ ಅರಿವೆ ಸುತ್ತಿಕೊಂಡು ಅಂಗಡಿಗೆ ಹೋದರೆ, ವಡಗೇರಾದಿಂದ ಯೂರಿಯಾಕ್ಕೆ ಬಂದಿದ್ದ ಮೌನಪ್ಪ ಕೇಳಿಯೇಬಿಟ್ಟ.

"ಸಾವಕಾರ್ರ, ಕೈಗೇನಾತ್ರಿ?"

"ಚೀಲದ ದಾರ ಕೊಯ್ತು."

ಮೌನಪ್ಪ ಹತ್ತಿರ ಬಂದು ಮೂಗು ಅರಳಿಸಿದ. "ಈಗ ಚೀಲದಾಗ ಹಸಿಖಾರನೂ ಕೂಡ್ಸಿ ಕಳಸಾಕತ್ತಾರೇನ್ರಿ ಕಂಪನ್ಯಾವ್ರು? ಘಮ್ ಅನ್ನಾಕತ್ತದ!"

ಇತ್ತ ಚಂದಮ್ಮನ ಪಾಡು ಬೇರೆ. ಮೊದಲೆರಡು ದಿನ ಅವಳಿಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಗಂಡ ಕಾಣದಾಗ ಕದ್ದು ಒಂದೆರಡು ಬಟ್ಟಲು ತೊಳೆದಿಟ್ಟಳು, ಸಿಕ್ಕಿಬಿದ್ದು ಬೈಸಿಕೊಂಡಳು. ಆಮೇಲಾಮೇಲೆ ಕುರ್ಚಿಯ ಸುಖ ಹತ್ತಿತು. ಮಧ್ಯಾಹ್ನ ಕಾಲು ಚಾಚಿ ಟೀವಿ ನೋಡಿದಳು. ಮಗಳ ಜೊತೆ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡಿದಳು. ವಿಮಾನ ಹತ್ತಿದ ಮೇಲೆ ಪಟ್ಟಿ ಹೇಗೆ ಬಿಗಿದುಕೊಳ್ಳಬೇಕು, ನಡುವೆ ಇನ್ನೊಂದು ವಿಮಾನಕ್ಕೆ ಹೇಗೆ ಹೋಗಬೇಕು ಎಂಬುದನ್ನೆಲ್ಲ ಕೇಳಿ ತಿಳಿದುಕೊಂಡಳು. ಅವಳ ಕೈ ದಿನದಿನಕ್ಕೆ ಮದುಮಗಳ ಕೈಯಂತೆ ನುಣುಪಾಯಿತು. ಗಂಡನ ಕೈ ಮಾತ್ರ ನೋಡುವ ಹಾಗಿರಲಿಲ್ಲ.

"ರೀ, ಬೆರಳು ನಿಮ್ದೂ ಒತ್ತೋದದ ಅಂತ ತೌಫೀಕ ಹೇಳಿದ್ದ…" ಎಂದು ಒಂದು ದಿನ ಅಂದೂ ನೋಡಿದಳು.

"ಗಂಡಸಿನ ಬೆರಳಿಗೆ ಏನಾಗ್ತದ? ಅವತ್ತು ನೀ ನೋಡಿಲ್ಲೇನು, ಒಂದೇ ಏಟಿಗೆ ಟೂಂಯ್ ಅಂತು! ನೀ ನಿನ್ನ ಕೈ ಅಷ್ಟೇ ನೋಡಿಕೋ."

ಹೈದರಾಬಾದಿಗೆ ಹೊರಡುವ ದಿನ ಬಂತು. ಶಹಾಪುರದಿಂದ ಯಾದಗಿರಿಗೆ ಬಸ್ಸು, ಯಾದಗಿರಿಯಿಂದ ರೈಲು. ಬಸ್ಸಿನ ಕಂಬಿ ಒರಟಾಗಿರುತ್ತದೆ ಎಂದು ಸಂಗಣ್ಣ ಹೆಂಡತಿಯ ಎರಡೂ ಕೈಗೆ ಬಿಳಿ ಅರಿವೆಯ ಕೈಗವಸು ತೊಡಿಸಿದ. ಬೇಸಿಗೆಯ ಯಾದಗಿರಿ ಸ್ಟೇಷನ್ನಿನಲ್ಲಿ ಕೈಗವಸು ತೊಟ್ಟು ನಿಂತ ಚಂದಮ್ಮನನ್ನು ನೋಡಲು ಜನ ನಿಂತು ನಿಂತು ಹೋದರು. ರೈಲಿನಲ್ಲಿ ನೀರಿನ ಬಾಟಲಿಯ ಮುಚ್ಚಳ ತಿರುವಿದ್ದು ಸಂಗಣ್ಣ, ಬಾಳೆಹಣ್ಣು ಸುಲಿದದ್ದು ಸಂಗಣ್ಣ. ಎದುರಿಗೆ ಕೂತ ಯಜಮಾನರೊಬ್ಬರು ಚಂದಮ್ಮನ ಕೈಗವಸು ನೋಡಿದರು. ಸಂಗಣ್ಣನ ಬೆರಳಿನ ಪಟ್ಟಿಗಳನ್ನು ನೋಡಿದರು.

"ಇಬ್ರಿಗೂ ಆಗ್ಯಾದೇನ್ರಿ?" ಎಂದು ಕನಿಕರದಿಂದ ಕೇಳಿ, ಉತ್ತರ ಬರುವ ಮೊದಲೇ ಗಂಟು ಎತ್ತಿಕೊಂಡು ಬೇರೆ ಡಬ್ಬಿಗೆ ಹೋದರು.

ವೀಸಾ ಸೆಂಟರಿನಲ್ಲಿ ಎಲ್ಲ ಗಾಜು, ಎಲ್ಲ ತಂಪು. ಜನ ಆಸ್ಪತ್ರೆಯಲ್ಲಿ ಕೂತ ಹಾಗೆ ಪಿಸುಮಾತಿನಲ್ಲಿ ಕೂತಿದ್ದರು. ಇವರ ಸರದಿ ಬಂದಾಗ ಯಂತ್ರದ ಮುಂದೆ ಇದ್ದದ್ದು ಒಬ್ಬ ಹುಡುಗಿ, ಕೊರಳಿನ ಬಿಲ್ಲೆಯಲ್ಲಿ ಶಾಕೀರ ಎಂಬ ಹೆಸರು. ಜಹೀರಾಬಾದ್ ಕಡೆಯವಳಂತೆ, ಕನ್ನಡ ಬರುತ್ತಿತ್ತು. ಸಂಗಣ್ಣನಿಗೆ ಅರ್ಧ ಇಂಗ್ಲೆಂಡ್ ಗೆದ್ದಷ್ಟು ಧೈರ್ಯ ಬಂತು.

"ಅಮ್ಮಾ, ನಾಲ್ಕು ಬೆರಳು ಇಲ್ಲಿ ಇಡ್ರಿ."

ಚಂದಮ್ಮ ಕೈಗವಸು ತೆಗೆದು ಗಾಜಿನ ಮೇಲೆ ಬೆರಳಿಟ್ಟಳು. ಕೆಂಪು! ರೊಟ್ಟಿ, ಭಾಂಡೆ, ಖಾರ, ಈಳಿಗೆ ಎಲ್ಲವೂ ಸಂಗಣ್ಣನ ಕಣ್ಣೆದುರು ಮೆರವಣಿಗೆ ಹೋದವು.

"ಕೈಗೆ ಏನು ಹಚ್ಚೀರಿ?" ಎಂದಳು ಶಾಕೀರ.

"ತುಪ್ಪ!" ಎಂದ ಸಂಗಣ್ಣ ಅಭಿಮಾನದಿಂದ. "ಮನಿ ತುಪ್ಪ. ದಿನಾ ಹಚ್ಚೀನಿ!"

ಶಾಕೀರ ನಗು ತಡೆದುಕೊಂಡು ಒಂದು ಒದ್ದೆ ಕಾಗದ ಕೊಟ್ಟಳು. "ಗಾಜು ಜಿಡ್ಡಾದ್ರ ಬರಂಗಿಲ್ರಿ. ಒರಸಿಕೊಂಡು ಇಡ್ರಿ." ಚಂದಮ್ಮ ಒರೆಸಿಕೊಂಡು ಇಟ್ಟಳು. ಹಸಿರು. ಇನ್ನೊಂದು ಕೈ, ಹಸಿರು. ಎರಡು ಹೆಬ್ಬೆಟ್ಟು, ಹಸಿರು! ಹತ್ತಕ್ಕೆ ಹತ್ತೂ ಬಂದವು.

"ಭಾಳ ಸಾಫ್ ಬಂದಾವ್ರಿ ಅಮ್ಮಾ," ಎಂದಳು ಶಾಕೀರ.

ಚಂದಮ್ಮ ಎದ್ದವಳು ಮತ್ತೆ ಕೂತಳು. "ಅಲ್ಲವ್ವ, ನಮ್ಮೂರಾಗ ಹೆಬ್ಬಟ್ಟು ಬರಲೇ ಇಲ್ಲ. ಬೆರಳು ಸವದಾವ ಅಂದ್ರು. ಅವತ್ತು ರೊಟ್ಟಿ ಬಡದು ಹಂಗೇ ಎದ್ದು ಹೋಗಿದ್ದೆ. ಅವತ್ತೂ ಹಿಂಗೇ ಒರಸಿಕೊಂಡಿದ್ರ ಬರ್ತಿತ್ತೇನು?"

"ಬರ್ತಿತ್ತು ಅನಸ್ತದ್ರಿ. ಭಾಳ ಮಂದಿಗೆ ಹಿಂಗೇ ಆಗ್ತದ."

ಚಂದಮ್ಮ ಗಂಡನ ಕಡೆ ನೋಡಲಿಲ್ಲ. ನೋಡಿದರೆ ನಗು ಬಂದುಬಿಡುತ್ತದೆಂದು ಅವಳಿಗೆ ಗೊತ್ತಿತ್ತು. ಇಷ್ಟು ದಿನದ ತಪಸ್ಸು ಒಂದು ಒದ್ದೆ ಕಾಗದಕ್ಕೆ ಸಮವಾಯಿತೇ! ಆದರೂ ಸಂಗಣ್ಣ ಸೋಲುವ ಆಸಾಮಿಯಲ್ಲ. ಅಂಗಿಯ ಕಾಲರು ಸರಿಮಾಡಿಕೊಂಡು, "ಈಗ ನಂದು ನೋಡ್ರಿ, ಒಂದೇ ಏಟಿಗೆ ಟೂಂಯ್ ಅಂತದ!" ಎಂದು ಕುರ್ಚಿಯಲ್ಲಿ ವಿರಾಜಮಾನನಾದ.

"ಅಂಕಲ್, ಮದ್ಲ ಪಟ್ಟಿ ಬಿಚ್ಚಬೇಕ್ರಿ."

ಸಂಗಣ್ಣ ಬಿಚ್ಚಿದ. ಒಂದು ಬೆರಳಿಗೆ ಈಳಿಗೆಯ ಕೊಯ್ತ, ಮೂರು ಬೆರಳಿನ ತುದಿಗೆ ಬೊಬ್ಬೆ, ಉಳಿದವು ಬೂದಿಗೆ ಸುಲಿದು, ಖಾರಕ್ಕೆ ಉರಿದು, ಅರಿಷಿಣಕ್ಕೆ ಹಳದಿಯಾಗಿ ಹೋಳಿಹಬ್ಬ ಮುಗಿಸಿ ಬಂದಂತಿದ್ದವು. ಗಾಜಿನ ಮೇಲಿಟ್ಟ. ಕೆಂಪು. ಒತ್ತಿದ, ಕೆಂಪು. ಉಸಿರು ಬಿಗಿಹಿಡಿದು ಒತ್ತಿದ, ಬೊಬ್ಬೆ ಒಡೆಯಿತು ಅಷ್ಟೇ.

ಶಾಕೀರ ಬೆರಳುಗಳನ್ನು ಬಗ್ಗಿ ನೋಡಿದಳು. "ಇವು ಸುಟ್ಟಾವ. ಇದು ಕೊಯ್ದದ. ಹೊಟೇಲ್ ಅದೇನ್ರಿ ನಿಮ್ದು?"

"ಹೊಟೇಲ್ ಅಲ್ಲವ್ವ, ಗೊಬ್ಬರದ ಅಂಗಡಿ," ಎಂದಳು ಚಂದಮ್ಮ.

"ಗೊಬ್ಬರದಾಗ ಬೆರಳು ಸುಡ್ತಾವೇನ್ರಿ?"

ಒಳಗಿನಿಂದ ಹಿರಿಯ ಅಧಿಕಾರಿಯೊಬ್ಬರು ಬಂದು ನೋಡಿ ತಲೆಯಾಡಿಸಿದರು. ಗಾಯ ಮಾಯಬೇಕು, ಹೊಸ ತಾರೀಖು ತೆಗೆದುಕೊಂಡು ಮತ್ತೆ ಬರಬೇಕು, ಅಮ್ಮನವರದು ಮುಂದೆ ಹೋಗಲಿ, ಅದಕ್ಕೇನೂ ತೊಂದರೆ ಇಲ್ಲ ಎಂದರು.

ಹೊರಗೆ ಬಂದು ಸಂಗಣ್ಣ ಮೆಟ್ಟಿಲ ಮೇಲೆ ಕುಸಿದು ಕೂತ. ಊರಲ್ಲಿ ಸುರಪುರದ ತವರಿಗೆ ಹೋಗುವಾಗಲೂ ಹೆಂಡತಿಯನ್ನು ತಾನೇ ಬಸ್ಸು ಹತ್ತಿಸಿ, ಸೀಟು ಹಿಡಿದುಕೊಟ್ಟು, ಕಂಡಕ್ಟರನಿಗೆ ಎರಡೆರಡು ಸಲ ಹೇಳಿಬರುತ್ತಿದ್ದವನು ಅವನು. ಇಂಗ್ಲೆಂಡಿಗೆ ಯಾವ ಕಂಡಕ್ಟರನಿಗೆ ಹೇಳಬೇಕು? ಗಾಯ ಮಾಯುವವರೆಗೆ ಮಗಳ ಹೊಟ್ಟೆ ಕಾಯುತ್ತದೆಯೇ? ಅವನಿಗೆ ನಿಜಕ್ಕೂ ದುಃಖವಾಯಿತು. ಮಗಳ ಹೆರಿಗೆಯ ಹೊತ್ತಿಗೆ ತಾನಲ್ಲಿ ಇರುವುದಿಲ್ಲ ಎಂಬುದು ಆ ಸುಟ್ಟ ಬೆರಳಿಗಿಂತ ಜೋರಾಗಿ ಉರಿಯಿತು.

"ನಾನಿಲ್ದ ನೀ ಹೆಂಗ ಹೋಗ್ತಿ ಚಂದಮ್ಮ?"

"ಯಾಕ? ವಿಮಾನ ನೀವು ನಡಸೋರಿದ್ರೇನು?"

"ಅದಲ್ಲ… ಭಾಷಿ ಬರಂಗಿಲ್ಲಲ್ಲ ನಿಂಗ!"

"ಹುಟ್ಟೋ ಕೂಸಿಗೂ ಬರಂಗಿಲ್ಲ, ನಂಗೂ ಬರಂಗಿಲ್ಲ. ಇಬ್ರದೂ ಸರಿಹೋತು." ಚಂದಮ್ಮ ಅವನ ಪಕ್ಕದಲ್ಲೇ ಕೂತಳು. ಬಾಟಲಿಯ ಮುಚ್ಚಳ ತಾನೇ ತಿರುವಿ ಅವನಿಗೆ ನೀರು ಕುಡಿಸಿದಳು. ಆಮೇಲೆ ಅವನ ಬೆರಳಿಗೆ ಪಟ್ಟಿ ಸುತ್ತುತ್ತ ಮೆಲ್ಲಗೆ ಅಂದಳು: "ಇಷ್ಟು ವರ್ಷದಾಗ ನನ್ನ ಕೈ ಯಾರೂ ಇಷ್ಟು ನೋಡಿದ್ದಿಲ್ಲ ಬಿಡ್ರಿ. ಯಂತ್ರಕ್ಕ ಬೇಕಿದ್ದಿಲ್ಲ, ಖರೇ. ನನಗ ಬೇಕಿತ್ತು."

ಸಂಗಣ್ಣ ಇನ್ನೊಂದು ಕೈಯ ಬೆರಳನ್ನೂ ಅವಳ ಮುಂದೆ ಒಡ್ಡಿದ.

ಚಂದಮ್ಮನ ವೀಸಾ ಬೇಗ ಬಂತು. ವಿಮಾನ ನಿಲ್ದಾಣದ ಬಾಗಿಲಲ್ಲಿ ಸಂಗಣ್ಣ ಹೇಳಿದ್ದನ್ನೇ ಹೇಳುತ್ತ ನಿಂತಿದ್ದರೆ ಅವಳು ನಾರಾಯಣಪೇಟೆಯ ಕಡೆಯ ಒಬ್ಬ ತೆಲುಗು ಅಜ್ಜಿಯ ಜೊತೆ ಅಷ್ಟರಲ್ಲಾಗಲೇ ಸ್ನೇಹ ಕುದುರಿಸಿ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹರಟುತ್ತ ಒಳಗೆ ಹೋಗಿಯಾಗಿತ್ತು. ಹಿಂದೆ ತಿರುಗಿ ಕೈ ಬೀಸಿದಳು. ಮರುದಿನ ಸಂಜೆ ಮಗಳ ಮನೆಯಿಂದ ಫೋಟೋ ಬಂತು, ಚಂದಮ್ಮ ಸೋಫಾದಲ್ಲಿ ಕಾಲು ಮಡಚಿ ಕೂತು ಚಹಾ ಕುಡಿಯುತ್ತಿದ್ದಳು. ಅದಾದ ಸ್ವಲ್ಪ ದಿನಕ್ಕೆ ಹೆರಿಗೆಯೂ ಆಯಿತು. ಹೆಣ್ಣು ಕೂಸು. ತಾಯಿ, ಮಗು ಇಬ್ಬರೂ ಸುಖ. ಚಂದಮ್ಮ ಕೂಸಿಗೆ ಎರೆದು ಲೋಬಾನದ ಹೊಗೆ ಹಾಕಿದಾಗ ಮನೆಯ ಬೆಂಕಿ ಎಚ್ಚರಿಕೆಯ ಗಂಟೆ ಬಡಿದುಕೊಂಡು ಬೀದಿಯವರೆಲ್ಲ ಹೊರಗೆ ಬಂದದ್ದೊಂದೇ ವಿಶೇಷ.

ಸಂಗಣ್ಣ ಅದನ್ನೆಲ್ಲ ಫೋನಿನಲ್ಲಿ ನೋಡುತ್ತ ಬೆರಳು ಕಾಯುತ್ತ ಕೂತ. ಖಾನಾವಳಿಯಲ್ಲಿ ಚಮಚದಿಂದ ರೊಟ್ಟಿ ತಿಂದು ನಗೆಪಾಟಲಾದ. ಗಾಯ ಮಾಯಿತು. ಮತ್ತೆ ಹೈದರಾಬಾದಿಗೆ ಹೋದಾಗ ಶಾಕೀರ ಗುರುತು ಹಿಡಿದಳು.

"ಅಂಕಲ್, ಅಡಿಗಿ ಬಂದ್ ಮಾಡಿದ್ರೇನ್ರಿ?"

ಹತ್ತೂ ಹಸಿರು! ಸಂಗಣ್ಣ ಊರಿಗೆ ಬಂದವನೇ ಖಾನಾವಳಿಗೆ ಶರಣು ಹೊಡೆದು ಹಂಚನ್ನು ಮತ್ತೆ ಒಲೆಗೇರಿಸಿದ. ಅಚ್ಚು ಕೊಟ್ಟಾಯಿತು, ಇನ್ನು ಬೆರಳಿಗೇನು ಬೆಲೆ! ಬಾಣಂತಿ ಮಗಳಿಗೆ ತನ್ನ ಕೈಯ ರೊಟ್ಟಿ ತಿನ್ನಿಸಬೇಕೆಂಬ ಹುಚ್ಚು ಹತ್ತಿತ್ತು. ವೀಸಾ ಬರುವವರೆಗೂ ದಿನಾ ಬಡಿದ. ನಕಾಶೆಗಳೆಲ್ಲ ಮಾಯವಾಗಿ ರೊಟ್ಟಿ ದುಂಡಗಾಯಿತು, ತೆಳ್ಳಗಾಯಿತು, ಪೂರ್ತಿ ಉಬ್ಬಿತು. ಗೊಲ್ಲಾಳಮ್ಮ ಬಂದು ಒಂದು ಮುರಿದು ತಿಂದು, "ನಮ್ಮನ್ಯಾವ್ರನ್ನ ಇಲ್ಲಿ ಕಲಿಯಾಕ ಕಳಸ್ತೀನ್ರಿ," ಎಂದು ಸರ್ಟಿಫಿಕೇಟು ಕೊಟ್ಟಳು. ಬೆರಳ ತುದಿಗಳು ಮಾತ್ರ ಜಡ್ಡುಗಟ್ಟಿ ಗಟ್ಟಿಯಾದವು. ಕಾದ ಹಂಚು ಮುಟ್ಟಿದರೂ ಈಗ ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ.

ಜೋಳದ ಹಿಟ್ಟು, ಶೇಂಗಾ ಹಿಂಡಿ, ಅಂಟಿನುಂಡೆ ತುಂಬಿಕೊಂಡು ಸಂಗಣ್ಣ ಇಂಗ್ಲೆಂಡಿನಲ್ಲಿ ಇಳಿದ. ಅಲ್ಲೂ ಒಂದು ಗಾಜು! ಅಧಿಕಾರಿ ಬೆರಳು ಇಡು ಎಂದು ಸನ್ನೆ ಮಾಡಿದ. ಸಂಗಣ್ಣ ಜಡ್ಡುಗಟ್ಟಿದ ಬೆರಳುಗಳನ್ನು ಅಂಗಿಗೆ ಒರೆಸಿ ಒರೆಸಿ, ಕುಲದೇವರನ್ನು ನೆನೆದು ಇಟ್ಟ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಅಧಿಕಾರಿ ಮುಗುಳ್ನಕ್ಕು ಪಾಸ್‌ಪೋರ್ಟಿಗೆ ಮುದ್ರೆ ಒತ್ತಿದ. ಸಂಗಣ್ಣ ಎದೆಯುಬ್ಬಿಸಿ ಹೊರಗೆ ಬಂದು ಕರೆಯಲು ಬಂದಿದ್ದ ಅಳಿಯನ ಬೆನ್ನು ತಟ್ಟಿದ. "ನೋಡಿದೇನು ಬಸವಕುಮಾರ? ಒಂದೇ ಏಟಿಗೆ!"

ಮನೆಯ ಬಾಗಿಲು ತೆರೆಯಿತು. ಆಗಷ್ಟೇ ಎರೆಸಿಕೊಂಡ ಕೂಸು ಬಿಳಿ ಅರಿವೆಯಲ್ಲಿ ಸುತ್ತಿಕೊಂಡು ಚಂದಮ್ಮನ ತೊಡೆಯ ಮೇಲೆ ಮಲಗಿತ್ತು. ಸಂಗಣ್ಣನ ಕಣ್ಣು ತುಂಬಿತು. ಗಂಟು ಬಿಟ್ಟು, ಚಪ್ಪಲಿ ಬಿಟ್ಟು, ಎರಡೂ ಕೈ ಚಾಚಿ ಓಡಿದ.

"ನಿಂದರ್ರಿ ಅಲ್ಲೇ! ಕೈ ತೊಳ್ಕೊಂಡು ಬರ್ರಿ."

ತೊಳೆದುಕೊಂಡು ಬಂದ.

"ತೋರಸ್ರಿ."

ಸಂಗಣ್ಣ ಎರಡೂ ಕೈ ಮುಂದೆ ಮಾಡಿದ. ಚಂದಮ್ಮ ಒಂದೊಂದೇ ಬೆರಳನ್ನು ಹಿಡಿದು, ತುದಿಯನ್ನು ತನ್ನ ಹೆಬ್ಬೆಟ್ಟಿನಿಂದ ತಿಕ್ಕಿ ತಿಕ್ಕಿ ನೋಡಿದಳು. ಹೈದರಾಬಾದಿನ ಗಾಜಾಗಲಿ ಇಂಗ್ಲೆಂಡಿನ ಗಾಜಾಗಲಿ ಅಷ್ಟು ಹೊತ್ತು ನೋಡಿರಲಿಲ್ಲ. ಹಾಸಿಗೆಯ ಮೇಲಿದ್ದ ಸೌಭಾಗ್ಯ ನಗು ತಡೆಯಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಅಯ್ಯ, ಕಲ್ಲು ಆಗ್ಯಾವಲ್ರಿ! ಕೂಸಿನ ಮೈ ಇನ್ನಾ ಬೆಣ್ಣಿ ಹಂಗ ಅದ. ಈ ಕೈಲೆ ಮುಟ್ಟಬ್ಯಾಡ್ರಿ, ಕೆರೀತದ."

"ಮತ್ತ ನಾ ಏನ್ ಮಾಡ್ಲೇ? ಇಷ್ಟು ದೂರ ಬಂದೀನಿ!"

"ಬಾಣಂತಿ ಹಸದಾಳ. ಹಿಟ್ಟು ತಂದೀರಿಲ್ಲೋ? ಒಲಿ ಆ ಕಡಿ ಅದ, ನಡೀರಿ."